ಸಣ್ಣ ಗೋದಾಮಿನ ಮಾನಕೀಕರಣ: ಅಳೆಯುವ ಮೊದಲೇ ಬರೆದ ನಿಯಮಗಳು

ಮಾನಕೀಕರಣ ಎಂದೊಡನೆ ನಮಗೆ ನೆನಪಾಗುವುದು ಮೀಟರು, ಕಿಲೋಗ್ರಾಮು ಮತ್ತು ಐ.ಎಸ್.ಐ. ಮುದ್ರೆ. ವಸ್ತುವಿಗೆ ಮಾನಕ ಇರುವಂತೆ ಕೆಲಸ ಮಾಡುವ ಕ್ರಮಕ್ಕೂ ಒಂದು ಮಾನಕ ಇರಬೇಕು ಎಂಬ ವಿಚಾರ ಕಾರ್ಖಾನೆಗಳಲ್ಲಿ ಬೆಳೆದು ಈಗ ಸಣ್ಣಪುಟ್ಟ ಗೋದಾಮುಗಳಿಗೂ ಬಂದಿದೆ. ಉಡುಪಿಯ ಅಂಬಲಪಾಡಿಯಂಥ ಹೆದ್ದಾರಿ ಬದಿಯ ಊರಿನಲ್ಲಿ ಅಕ್ಕಿ, ಸಕ್ಕರೆ, ಬೇಳೆ ತುಂಬಿಟ್ಟ ಗೋದಾಮೊಂದನ್ನು ಕಲ್ಪಿಸಿಕೊಳ್ಳಿ. ಒಂದೇ ಬಾಗಿಲು, ಶೀಟಿನ ಮಾಡು, ಒಂದು ತೂಕದ ಯಂತ್ರ, ಲೆಕ್ಕ ಬರೆಯುವ ಒಬ್ಬ ಗುಮಾಸ್ತ, ಲಾರಿ ಬಂದಾಗ ಸೇರುವ ನಾಲ್ಕೈದು ಮಂದಿ ಹಮಾಲಿಗಳು. ಇಷ್ಟೇ ಅದರ ಸಂಸಾರ. ಅದರ ಗೋಡೆಯ ಮೇಲೆ ಚೌಕಟ್ಟು ಹಾಕಿದ ಪಟ್ಟಿಯೊಂದು ತೂಗುತ್ತಿರುತ್ತದೆ: 'ಮಾನಕ ಕಾರ್ಯವಿಧಾನ'.

ಗೋದಾಮು ಕಲ್ಪನೆಯದು, ಪಟ್ಟಿ ಕಲ್ಪನೆಯದಲ್ಲ. ಇಂಥ ಪಟ್ಟಿಗಳನ್ನು ನಾನು ಹಲವು ಕಡೆ ಓದಿದ್ದೇನೆ. ಹೆಚ್ಚಿನವು ಒಂದೇ ಅಚ್ಚಿನಿಂದ ತೆಗೆದಂತಿವೆ. ಬಂದ ಪ್ರತಿ ಚೀಲವನ್ನೂ ತೂಗಬೇಕು. ಮೊದಲು ಬಂದದ್ದನ್ನು ಮೊದಲು ಕಳುಹಿಸಬೇಕು. ಲಾರಿಯನ್ನು ಇಷ್ಟು ನಿಮಿಷದೊಳಗೆ ಖಾಲಿ ಮಾಡಬೇಕು. ನೆಲ ಗುಡಿಸಿರಬೇಕು. ದಾಸ್ತಾನಿನಲ್ಲಿ ಕೊರತೆ ಕಂಡುಬಂದರೆ ಸಂಬಂಧಪಟ್ಟವರಿಂದ ವಸೂಲು ಮಾಡಲಾಗುವುದು. ಕೊನೆಯ ವಾಕ್ಯ ಕೆಲವೆಡೆ ದಪ್ಪಕ್ಷರದಲ್ಲಿರುತ್ತದೆ.

ಮಾನಕೀಕರಣಕ್ಕೆ ನನ್ನ ವಿರೋಧವಿಲ್ಲ. ಭೌತವಿಜ್ಞಾನ ಕಲಿಸುವವನು ಹಾಗೆ ವಿರೋಧಿಸಲು ಸಾಧ್ಯವೂ ಇಲ್ಲ. ನನ್ನ ಆಕ್ಷೇಪ ಅದರ ಕ್ರಮದ ಬಗ್ಗೆ. ಈ ಪಟ್ಟಿಗಳಲ್ಲಿ ನಿಯಮ ಮೊದಲು ಬರುತ್ತದೆ, ಅಳತೆ ಆಮೇಲೆ ಬರುತ್ತದೆ ಅಥವಾ ಬರುವುದೇ ಇಲ್ಲ. ಗೋದಾಮಿನೊಳಗೆ ಏನೇನು, ಎಷ್ಟೆಷ್ಟು ಬದಲಾಗುತ್ತದೆ ಎಂದು ಅಳೆಯದೆ ಬರೆದ ನಿಯಮ ಒಂದು ಕೆಲಸವನ್ನು ಮಾತ್ರ ಚೆನ್ನಾಗಿ ಮಾಡುತ್ತದೆ: ಪ್ರಕೃತಿಯ ಏರಿಳಿತವನ್ನು ಮನುಷ್ಯನ ತಪ್ಪಿನ ಖಾತೆಗೆ ಬರೆಯುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಲೆಕ್ಕ ಹಾಕಿ ನೋಡೋಣ.

ಪಟ್ಟಿಯ ಮೂಲ

ಅದಕ್ಕೆ ಮುನ್ನ ಪಟ್ಟಿಯ ಹುಟ್ಟಿನ ಬಗ್ಗೆ ಎರಡು ಮಾತು. ಒಂದು ಮೂಲ ಜಪಾನಿನ 'ಐದು ಎಸ್' ಪದ್ಧತಿ. ಸೇರಿ, ಸೇಯ್ಟೊನ್, ಸೇಯ್ಸೊ, ಸೇಯ್‌ಕೆತ್ಸು, ಶಿತ್ಸುಕೆ ಎಂಬ ಐದು ಪದಗಳು: ಬೇಡದ್ದನ್ನು ಬೇರ್ಪಡಿಸು, ಬೇಕಾದದ್ದಕ್ಕೆ ಜಾಗ ಗೊತ್ತುಮಾಡು, ಸ್ವಚ್ಛಗೊಳಿಸು, ಮಾನಕಗೊಳಿಸು, ರೂಢಿಯಲ್ಲಿಡು. ಮಾನಕ ಎಂಬುದು ನಾಲ್ಕನೆಯದು ಎಂಬುದನ್ನು ಗಮನಿಸಿ. ಮೊದಲ ಮೂರನ್ನು ಕೈಯಿಂದ ಮಾಡಿ, ಯಾವುದು ಎಲ್ಲಿ ನಿಲ್ಲುತ್ತದೆ ಎಂದು ಕಂಡುಕೊಂಡ ಮೇಲೆ ನಾಲ್ಕನೆಯದನ್ನು ಬರೆಯಬೇಕು. ನಮ್ಮ ಪಟ್ಟಿಗಳು ನಾಲ್ಕರಿಂದಲೇ ಶುರುವಾಗುತ್ತವೆ.

ಇನ್ನೊಂದು ಮೂಲ ಐ.ಎಸ್.ಓ. 9001. 1987ರಲ್ಲಿ ಮೊದಲು ಹೊರಬಂದ ಈ ಮಾನಕ 2000ದ ಆವೃತ್ತಿಯಲ್ಲಿ ಆರು ಕಾರ್ಯವಿಧಾನಗಳು ಲಿಖಿತವಾಗಿರಲೇಬೇಕು ಎಂದಿತ್ತು. ಗುಣಮಟ್ಟದ ಕೈಪಿಡಿಯೂ ಕಡ್ಡಾಯವಾಗಿತ್ತು. 2015ರ ಆವೃತ್ತಿ ಇವೆರಡೂ ಕಡ್ಡಾಯಗಳನ್ನು ಕೈಬಿಟ್ಟು, ಸಂಸ್ಥೆಗೆ ತನ್ನ ಕೆಲಸಕ್ಕೆ ಎಷ್ಟು ಅಗತ್ಯವೋ ಅಷ್ಟು ದಾಖಲೆ ಇಟ್ಟುಕೊಂಡರೆ ಸಾಕು ಎಂದಿತು. ಕೈಪಿಡಿ ಮಾರುವವರು ಮಾತ್ರ ಈ ಬದಲಾವಣೆಯನ್ನು ಅಷ್ಟಾಗಿ ಹೇಳುವುದಿಲ್ಲ.

ಒಂದು ಚೀಲ ಅಕ್ಕಿಯ ತೂಕ ಎಷ್ಟು?

ಪ್ರಶ್ನೆ ಸರಳವಾಗಿ ಕಾಣುತ್ತದೆ. ಚೀಲದ ಮೇಲೆ 50 ಕಿ.ಗ್ರಾಂ. ಎಂದು ಅಚ್ಚಾಗಿದೆ. ಆದರೆ ಅಕ್ಕಿ ಕಲ್ಲಲ್ಲ. ಅದು ಸುತ್ತಲಿನ ಗಾಳಿಯೊಡನೆ ನೀರಾವಿಯನ್ನು ಕೊಟ್ಟು ತೆಗೆದುಕೊಳ್ಳುವ ವಸ್ತು. ಗಾಳಿಯ ಸಾಪೇಕ್ಷ ಆರ್ದ್ರತೆ ಸ್ಥಿರವಾಗಿದ್ದರೆ ಧಾನ್ಯದ ತೇವಾಂಶ ನಿಧಾನವಾಗಿ ಒಂದು ಸಮತೋಲ ಬೆಲೆಗೆ ಬಂದು ನಿಲ್ಲುತ್ತದೆ. ತಳಿ, ಉಷ್ಣತೆಗಳಿಗೆ ತಕ್ಕಂತೆ ಕೊಂಚ ಬದಲಾದರೂ, ನಮ್ಮ ಊರಿನ ಉಷ್ಣತೆಯಲ್ಲಿ 70 ಶೇಕಡಾ ಆರ್ದ್ರತೆಗೆ ಅಕ್ಕಿಯ ಸಮತೋಲ ತೇವಾಂಶ ಸುಮಾರು 13ರಿಂದ 14 ಶೇಕಡಾ, 80ಕ್ಕೆ 15ರ ಆಸುಪಾಸು, 90ಕ್ಕೆ 17-18. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿ 85-90ರ ಸುತ್ತ ಇರುತ್ತದೆಂಬುದು, ಒಗೆದ ಬಟ್ಟೆ ಒಣಗಿಸಿದ ಎಲ್ಲರಿಗೂ ತಿಳಿದದ್ದೇ. ಭಾರತ ಆಹಾರ ನಿಗಮ ಅಕ್ಕಿ ಕೊಳ್ಳುವಾಗ ಬೆಲೆಯಲ್ಲಿ ಕಡಿತವಿಲ್ಲದೆ ಒಪ್ಪುವ ತೇವಾಂಶದ ಮಿತಿ 14 ಶೇಕಡಾ. ಇದು ಇಡೀ ದೇಶಕ್ಕೆ ಅನ್ವಯಿಸುವ ಸಂಖ್ಯೆ. ಮಳೆಗಾಲದ ಅಂಬಲಪಾಡಿಯ ಗಾಳಿ ಆ ಸಂಖ್ಯೆಯನ್ನು ಮೀರಿಸಲು ತಾನಾಗಿಯೇ ಎಳೆಯುತ್ತಿರುತ್ತದೆ.

ಈಗ ಲೆಕ್ಕ. ಬೇಸಿಗೆಯಲ್ಲಿ 12 ಶೇಕಡಾ ತೇವಾಂಶದ 50 ಕಿ.ಗ್ರಾಂ. ಅಕ್ಕಿ ಬಂತೆಂದಿಟ್ಟುಕೊಳ್ಳಿ. ಅದರಲ್ಲಿ ಒಣಪದಾರ್ಥ 44 ಕಿ.ಗ್ರಾಂ. ಮಳೆ ಹಿಡಿದು ತೇವಾಂಶ 14ಕ್ಕೆ ಏರಿದರೆ, ಅದೇ 44 ಕಿ.ಗ್ರಾಂ. ಈಗ ಒಟ್ಟು ತೂಕದ 86 ಶೇಕಡಾ. ಆದುದರಿಂದ ಚೀಲದ ತೂಕ 44 ÷ 0.86 = 51.16 ಕಿ.ಗ್ರಾಂ. ಒಂದು ಕಾಳನ್ನೂ ಸೇರಿಸದೆ ಚೀಲ 1.16 ಕಿ.ಗ್ರಾಂ. ಬೆಳೆಯಿತು! ಇದರ ತಿರುಗುಮುರುಗು ನೋಡಿ. ಮಳೆಗಾಲದ ಕೊನೆಯಲ್ಲಿ 14 ಶೇಕಡಾ ತೇವಾಂಶದಲ್ಲಿ ತೂಗಿ ಒಳಗಿಟ್ಟ ಚೀಲ ಜನವರಿ-ಫೆಬ್ರವರಿಗೆ 12ಕ್ಕೆ ಒಣಗಿದರೆ 43 ÷ 0.88 = 48.86 ಕಿ.ಗ್ರಾಂ. ಚೀಲವೊಂದಕ್ಕೆ 1.14 ಕಿ.ಗ್ರಾಂ. ಮಾಯ. ಐನೂರು ಚೀಲಗಳ ದಾಸ್ತಾನಿನಲ್ಲಿ ಇದು ಸುಮಾರು 570 ಕಿ.ಗ್ರಾಂ., ಹನ್ನೊಂದು ಚೀಲಕ್ಕೂ ಮಿಕ್ಕಿ.

ಹನ್ನೊಂದು ಚೀಲ ಅಕ್ಕಿ ಕದ್ದವರು ಯಾರು? ಗೋಡೆಯ ಮೇಲಿನ ಪಟ್ಟಿಯ ಪ್ರಕಾರ 'ಸಂಬಂಧಪಟ್ಟವರು'. ಭೌತವಿಜ್ಞಾನದ ಪ್ರಕಾರ ಗಾಳಿ.

ವಿದ್ಯಾರ್ಥಿಯೊಬ್ಬ ಇಲ್ಲಿ ಸರಿಯಾದ ಪ್ರಶ್ನೆ ಕೇಳಬಹುದು: ಇಡೀ ಅಟ್ಟಿ ಹೀಗೆ ಏಕರೂಪವಾಗಿ ಒಣಗುತ್ತದೆಯೇ? ಇಲ್ಲ. ವಿಸರಣೆಯ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಧಾನ್ಯರಾಶಿಯ ಉಷ್ಣ ವಿಸರಣಾಂಕ ಸೆಕೆಂಡಿಗೆ ಸುಮಾರು 10⁻⁷ ಚದರ ಮೀಟರ್. ಆದುದರಿಂದ 10 ಸೆಂ.ಮೀ. ಒಳಕ್ಕೆ ಶಾಖ ತಲುಪಲು 10⁵ ಸೆಕೆಂಡು, ಅಂದರೆ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು. ಒಂದು ಮೀಟರ್ ಒಳಕ್ಕೆ 10⁷ ಸೆಕೆಂಡು, ಸುಮಾರು ನಾಲ್ಕು ತಿಂಗಳು. ತೇವಾಂಶದ ವಿಸರಣೆ ಇನ್ನೂ ನಿಧಾನ. ಚೀಲಗಳ ನಡುವಿನ ಸಂದಿಗಳಲ್ಲಿ ಗಾಳಿಯಾಡುವುದರಿಂದ ನಿಜವಾದ ಅಟ್ಟಿ ಇದಕ್ಕಿಂತ ಬೇಗ ಸಮತೋಲಕ್ಕೆ ಬರುತ್ತದೆ, ಆದರೂ ಹೊರಗಿನ ಸಾಲು ಮತ್ತು ಒಳಗಿನ ಸಾಲು ಒಂದೇ ಋತುವಿನಲ್ಲಿ ಇರುವುದಿಲ್ಲ. ಬಾಗಿಲ ಬಳಿಯ ಚೀಲವೊಂದಕ್ಕೆ ಕೊಳವೆ ಚುಚ್ಚಿ ತೆಗೆದ ಮಾದರಿ ಇಡೀ ಅಟ್ಟಿಯ ಪರವಾಗಿ ಸಾಕ್ಷಿ ಹೇಳಲಾರದು. ತೂಕದ ನಿಯಮ ಬರೆಯುವವರು ತೇವಾಂಶವನ್ನು ಯಾವ ಚೀಲದಲ್ಲಿ, ಯಾವ ತಿಂಗಳಲ್ಲಿ ಅಳೆಯಬೇಕು ಎಂದು ಬರೆಯದಿದ್ದರೆ ಆ ನಿಯಮ ಅಪೂರ್ಣ.

ತೂಕದ ಯಂತ್ರವೂ ಸಾಕ್ಷಿಯೇ

ಪ್ರಯೋಗಶಾಲೆಯಲ್ಲಿ ನಾವು ಯಾದೃಚ್ಛಿಕ ದೋಷ, ವ್ಯವಸ್ಥಿತ ದೋಷ ಎಂದು ಎರಡನ್ನು ಹೇಳಿಕೊಡುತ್ತೇವೆ. ವಿದ್ಯಾರ್ಥಿಗಳು ದಾಖಲೆ ಪುಸ್ತಕದಲ್ಲಿ ಬರೆದು ಮರೆಯುತ್ತಾರೆ. ಗೋದಾಮಿನಲ್ಲಿ ಆ ಭೇದಕ್ಕೆ ಬೆಲೆ ಇದೆ. ಪ್ರತಿ ತೂಕದಲ್ಲೂ 50 ಗ್ರಾಂನಷ್ಟು ಅತ್ತಿತ್ತ ಯಾದೃಚ್ಛಿಕ ದೋಷವಿದ್ದರೆ 500 ಚೀಲಗಳ ಮೊತ್ತದಲ್ಲಿ ಅದು 50 × √500, ಅಂದರೆ ಸುಮಾರು 1.1 ಕಿ.ಗ್ರಾಂ. ಆದರೆ ಯಂತ್ರದ ಸೊನ್ನೆಯೇ 50 ಗ್ರಾಂ ಸರಿದಿದ್ದರೆ ಮೊತ್ತದ ದೋಷ 50 × 500, ಅಂದರೆ 25 ಕಿ.ಗ್ರಾಂ. ಮೊದಲನೆಯದರಲ್ಲಿ ಹೆಚ್ಚುಕಡಿಮೆಗಳು ಒಂದನ್ನೊಂದು ನುಂಗುತ್ತವೆ, ಎರಡನೆಯದರಲ್ಲಿ ಒಟ್ಟುಗೂಡುತ್ತವೆ. ಕಾನೂನಿನ ಮುದ್ರೆ ಯಂತ್ರಕ್ಕೆ ವರ್ಷಕ್ಕೊಮ್ಮೆ ಬೀಳುತ್ತದೆ. ಸೊನ್ನೆ ಸರಿಯುವುದು ನಿನ್ನೆ ಸಂಜೆ ಇರಬಹುದು. ದಿನವೂ ಬೆಳಿಗ್ಗೆ 20 ಕಿ.ಗ್ರಾಂ.ನ ಒಂದು ತೂಕದ ಕಲ್ಲನ್ನಿಟ್ಟು ನೋಡಿ ಬರೆದುಕೊಳ್ಳಲು ಎರಡು ನಿಮಿಷ ಸಾಕು. ನಾನು ಓದಿದ ಪಟ್ಟಿಗಳಲ್ಲಿ ಈ ಹೆಜ್ಜೆ ಕಾಣಲಿಲ್ಲ. ನೆಲ ಗುಡಿಸುವ ಹೆಜ್ಜೆ ಎಲ್ಲದರಲ್ಲೂ ಇತ್ತು.

ಯಾವ ಏರಿಳಿತ ಸಹಜ, ಯಾವುದು ವಿಶೇಷ ಕಾರಣದಿಂದ ಬಂದದ್ದು ಎಂದು ಬೇರ್ಪಡಿಸುವ ವಿಧಾನವನ್ನು ಕೊಟ್ಟವನು ಭೌತವಿಜ್ಞಾನಿಯೇ. ವಾಲ್ಟರ್ ಶೂಹಾರ್ಟ್ ಬರ್ಕ್‌ಲಿಯಲ್ಲಿ 1917ರಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿ ಸೇರಿದ. 1924ರ ಮೇ 16ರಂದು ತನ್ನ ಮೇಲಧಿಕಾರಿಗೆ ಬರೆದ ಒಂದು ಪುಟದ ಟಿಪ್ಪಣಿಯಲ್ಲಿ ನಿಯಂತ್ರಣ ನಕ್ಷೆಯ ಮೊದಲ ಚಿತ್ರವಿತ್ತು. ಸರಾಸರಿಯ ಎರಡೂ ಬದಿಗೆ ಮಾನಕ ವಿಚಲನೆಯ ಮೂರರಷ್ಟು ದೂರದಲ್ಲಿ ಗೆರೆ ಎಳೆಯಿರಿ. ಗೆರೆಗಳ ನಡುವಿನ ಏರಿಳಿತ ವ್ಯವಸ್ಥೆಯದು, ಅದಕ್ಕೆ ಯಾರನ್ನೂ ಹಿಡಿದು ಕೇಳಬೇಡಿ. ಗೆರೆಯ ಆಚೆ ಬಿದ್ದ ಬಿಂದುವಿಗೆ ಕಾರಣ ಹುಡುಕಿ. ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದ. ಅಂದರೆ ಈ ವಿಚಾರ ನಮಗೆ ಹೊಸತೇನಲ್ಲ.

ಶೂಹಾರ್ಟ್‌ನ ವಿಚಾರವನ್ನು ಬೆಳೆಸಿದ ಎಡ್ವರ್ಡ್ಸ್ ಡೆಮಿಂಗ್ ಕೂಡ ಯೇಲ್ ವಿಶ್ವವಿದ್ಯಾನಿಲಯದಿಂದ 1928ರಲ್ಲಿ ಗಣಿತೀಯ ಭೌತವಿಜ್ಞಾನದ ಡಾಕ್ಟರೇಟ್ ಪಡೆದವನು. ಅವನ ಕೆಂಪು ಮಣಿಗಳ ಪ್ರಯೋಗವನ್ನು ನೀವು ತರಗತಿಯಲ್ಲಿ ಮಾಡಿ ತೋರಿಸಬಹುದು. ಮಣಿಗಳು ಸಿಗದಿದ್ದರೆ ಒಂದೇ ಗಾತ್ರದ ಬಿಳಿ ಅಲಸಂದೆ ಮತ್ತು ಕೆಂಪು ಅಲಸಂದೆ ಸಾಕು. ನಾಲ್ಕು ಪಾಲು ಬಿಳಿ, ಒಂದು ಪಾಲು ಕೆಂಪು ಸೇರಿಸಿ ಚೆನ್ನಾಗಿ ಕಲಕಿ. ಕಣ್ಣು ಮುಚ್ಚಿದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ 50 ಕಾಳು ತೆಗೆಯಲಿ. ಕೆಂಪು ಕಾಳು ಎಂದರೆ ತಪ್ಪು ಎಂದು ಘೋಷಿಸಿ. ಕಡಿಮೆ ತಪ್ಪು ಮಾಡಿದವರನ್ನು ಹೊಗಳಿ, ಹೆಚ್ಚು ಮಾಡಿದವರನ್ನು ಗದರಿಸಿ, ಮತ್ತೊಮ್ಮೆ ತೆಗೆಸಿ. ಸರಾಸರಿ 10 ಕೆಂಪು ಬರುತ್ತದೆ; ಮಾನಕ ವಿಚಲನೆ √(50 × 0.2 × 0.8), ಸುಮಾರು 2.8. ಆದುದರಿಂದ 2ರಿಂದ 18ರವರೆಗೆ ಏನೇ ಬಂದರೂ ಅದು ಕೇವಲ ಆಕಸ್ಮಿಕ. ನಿಮ್ಮ ಹೊಗಳಿಕೆಗೂ ಬೈಗುಳಕ್ಕೂ ಅದರೊಡನೆ ಸಂಬಂಧವಿಲ್ಲ. 5 ತೆಗೆದ ಹುಡುಗಿ ಬುದ್ಧಿವಂತೆಯಲ್ಲ, 15 ತೆಗೆದ ಹುಡುಗ ಸೋಮಾರಿಯಲ್ಲ. ಗದರಿಸಿಕೊಂಡ ಹುಡುಗನ ಮುಖವನ್ನು ಒಮ್ಮೆ ನೋಡಿದ ಮೇಲೆ 'ಸಂಬಂಧಪಟ್ಟವರಿಂದ ವಸೂಲು' ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

ಹೀಗೆಂದು ಕಳ್ಳತನವೇ ಇಲ್ಲ ಎನ್ನುತ್ತಿಲ್ಲ. ವಾರವಾರದ ವ್ಯತ್ಯಾಸವನ್ನು ತೇವಾಂಶಕ್ಕೆ ಸರಿಪಡಿಸಿ ನಕ್ಷೆಯಲ್ಲಿ ಗುರುತಿಸುತ್ತಾ ಬಂದರೆ ಕಳ್ಳತನ ಗೆರೆಯ ಆಚೆಗೆ ಬಿದ್ದು ತಾನೇ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಏನೂ ಅಳೆಯದ ಗೋದಾಮಿನಲ್ಲಿಯೇ ಕಳ್ಳನಿಗೆ ಅನುಕೂಲ. 'ತೇವ ಆರಿರಬೇಕು' ಎಂಬ ನೆಪ ಅವನಿಗೂ ಸಿಗುತ್ತದೆ.

ಮೊದಲು ಬಂದದ್ದು ಮೊದಲು

'ಮೊದಲು ಬಂದದ್ದು ಮೊದಲು ಹೋಗಲಿ' ಎಂಬ ನಿಯಮವನ್ನು ಯಾರೂ ಆಕ್ಷೇಪಿಸುವುದಿಲ್ಲ. ಆದರೆ ನಮ್ಮ ಗೋದಾಮಿಗೆ ಬಾಗಿಲು ಒಂದೇ. ಚೀಲಗಳನ್ನು ಹಿಂಗೋಡೆಯಿಂದ ಪೇರಿಸುತ್ತಾ ಬಾಗಿಲಿನತ್ತ ಬರುತ್ತಾರೆ. ತೆಗೆಯುವಾಗ ಕೈಗೆ ಸಿಗುವುದು ಮುಂದಿನ ಸಾಲು, ಅಂದರೆ ಕೊನೆಗೆ ಬಂದದ್ದು. ಗಣಕ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಸ್ಟ್ಯಾಕ್ ಎನ್ನುತ್ತಾರೆ; ನಿಯಮ ಕೇಳುತ್ತಿರುವುದು ಕ್ಯೂ. ಜ್ಯಾಮಿತಿ ಸ್ಟ್ಯಾಕ್ ಆಗಿರುವಾಗ ಗೋಡೆಯ ಮೇಲೆ ಕ್ಯೂ ಎಂದು ಬರೆದರೆ ಹಮಾಲಿಗಳು ಹಿಂದಿನ ಸಾಲಿಗಾಗಿ ಮುಂದಿನದನ್ನೆಲ್ಲ ಇಳಿಸಿ ಮತ್ತೆ ಏರಿಸಬೇಕು. ಲಾರಿಗೆ ಗೊತ್ತುಮಾಡಿದ ನಿಮಿಷಗಳಲ್ಲಿ ಅದು ಆಗದ ಕೆಲಸ. ಹಾಗಾಗಿ ಒಂದೇ ಪಟ್ಟಿಯ ಎರಡು ನಿಯಮಗಳು ಪರಸ್ಪರ ಜಗಳವಾಡುತ್ತವೆ, ಕೆಲಸಗಾರ ಯಾವುದೋ ಒಂದನ್ನು ಮುರಿದೇ ತೀರಬೇಕಾಗುತ್ತದೆ. ಅಟ್ಟಿಗಳ ನಡುವೆ ಓಣಿ ಬಿಟ್ಟು ಎರಡು ಬದಿಯಿಂದಲೂ ಕೈಗೆಟುಕುವಂತೆ ಮಾಡಿದರೆ ನಿಯಮ ಸಾಧ್ಯ, ಆದರೆ ನೆಲದ ಒಂದು ಭಾಗ ಓಣಿಗೆ ಹೋಗುತ್ತದೆ. ಆ ಬೆಲೆ ತೆರಬೇಕಾದವನು ಮಾಲಿಕ. ಪಟ್ಟಿ ಅದನ್ನು ಹೇಳುವುದಿಲ್ಲ.

ಹಳೆಯ ಕಣಜಗಳ ಬುಡದಲ್ಲಿ ಕಿಂಡಿ ಇಡುವ ಕ್ರಮ ನಾಡಿನ ಕೆಲವೆಡೆ ಇತ್ತು. ಮೇಲಿಂದ ಸುರಿದು ಕೆಳಗಿಂದ ತೆಗೆದರೆ ಹಳೆಯ ಭತ್ತವೇ ಮೊದಲು ಬರುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಕಾಳುರಾಶಿ ದ್ರವದಂತೆ ಹರಿಯುವುದಿಲ್ಲ. ಚಪ್ಪಟೆ ತಳದ ಕಣಜದಲ್ಲಿ ಕಿಂಡಿಯ ನೇರ ಮೇಲೆ ಒಂದು ಕಂಬದಂಥ ದಾರಿ ತೆರೆದುಕೊಂಡು, ಮೇಲ್ಮೈಯ ಹೊಸ ಕಾಳು ಆ ದಾರಿಯಲ್ಲಿ ಇಳಿಯುತ್ತದೆ. ಬದಿಯ ಹಳೆಯ ಕಾಳು ಕೊನೆಯವರೆಗೂ ಅಲ್ಲೇ ಕೂತಿರುತ್ತದೆ. ಅಗಲ ಬಾಯಿಯ ಪಾರದರ್ಶಕ ಡಬ್ಬಿಯ ತಳದಲ್ಲಿ, ಅಂಚಿಗೆ ಹತ್ತಿರವಾಗಿ ತೂತು ಕೊರೆದು, ಬಣ್ಣ ಹಾಕಿದ ಅಕ್ಕಿಯನ್ನು ಪದರ ಪದರವಾಗಿ ಸುರಿದು ನೀವೇ ನೋಡಿ.

ನಿಯಮ ಪಾಲನೆಯಾಗುತ್ತಿದೆಯೇ ಎಂದು ತಿಳಿಯಲು ಕಾವಲುಗಾರ ಬೇಡ. 1961ರಲ್ಲಿ ಜಾನ್ ಲಿಟಲ್ ಸಾಧಿಸಿದ ಒಂದು ಸರಳ ಸಂಬಂಧವಿದೆ: ಒಳಗಿರುವ ಸರಾಸರಿ ಸಂಖ್ಯೆ = ಬರುವ ದರ × ಸರಾಸರಿ ತಂಗುವ ಕಾಲ. ಗೋದಾಮಿನಲ್ಲಿ ಸರಾಸರಿ 600 ಚೀಲಗಳಿದ್ದು ದಿನಕ್ಕೆ 20 ಬಂದು ಹೋಗುತ್ತಿದ್ದರೆ ಚೀಲವೊಂದು ಸರಾಸರಿ 30 ದಿನ ತಂಗುತ್ತದೆ. ಈಗ ಹಿಂಗೋಡೆಯ ಬಳಿ ಹೋಗಿ ಚೀಲದ ಮೇಲಿನ ದಿನಾಂಕ ಓದಿ. ಅಲ್ಲಿ ಐದು ತಿಂಗಳ ಹಿಂದಿನ ದಿನಾಂಕವಿದ್ದರೆ ಗೋದಾಮು ನಿಯಮವನ್ನಲ್ಲ, ಜ್ಯಾಮಿತಿಯನ್ನು ಪಾಲಿಸುತ್ತಿದೆ.

ಟೇಲರನ ಎರಡು ಪ್ರಯೋಗಗಳು

ಲಾರಿ ಖಾಲಿ ಮಾಡಲು ಇಷ್ಟೇ ನಿಮಿಷ ಎಂಬ ನಿಯಮದ ಮೂಲಪುರುಷ ಫ್ರೆಡರಿಕ್ ಟೇಲರ್. 1911ರ ಅವನ ಪುಸ್ತಕದಲ್ಲಿ ಬೆತ್ಲೆಹೆಮ್ ಉಕ್ಕಿನ ಕಂಪೆನಿಯ ಅಂಗಳದಲ್ಲಿ ನಡೆದ ಎರಡು ಪ್ರಯೋಗಗಳ ವಿವರವಿದೆ. ಎರಡನ್ನೂ ಒಟ್ಟಿಗೆ ಓದುವವರು ಕಡಿಮೆ.

ಮೊದಲನೆಯದು ಕಬ್ಬಿಣದ ಗಟ್ಟಿಗಳನ್ನು ಹೊರುವುದು. ಒಂದೊಂದು ಗಟ್ಟಿ 92 ಪೌಂಡು, ಸುಮಾರು 42 ಕಿ.ಗ್ರಾಂ. ದಿನಕ್ಕೆ ಹನ್ನೆರಡೂವರೆ ಟನ್ನು ಹೊರುತ್ತಿದ್ದವನಿಂದ ನಲವತ್ತೇಳೂವರೆ ಟನ್ನು ಹೊರಿಸಿ, ಕೂಲಿಯನ್ನು 1.15 ಡಾಲರಿನಿಂದ 1.85ಕ್ಕೆ ಏರಿಸಿದ ಕಥೆ ಇದು. ಹತ್ತು ಗಂಟೆಯ ದಿನದಲ್ಲಿ ಲೆಕ್ಕ ಹಾಕಿದರೆ ಸುಮಾರು ಅರ್ಧ ನಿಮಿಷಕ್ಕೊಂದು ಗಟ್ಟಿ. ಎಂಟು ಜನರಲ್ಲಿ ಒಬ್ಬನಿಗೆ ಮಾತ್ರ ಇದು ಸಾಧ್ಯ ಎಂದು ಟೇಲರನೇ ಒಪ್ಪಿಕೊಳ್ಳುತ್ತಾನೆ. ಮುಂದೆ 1974ರಲ್ಲಿ ವ್ರೆಗೆ ಮತ್ತು ಪೆರೋನಿ ಎಂಬ ಸಂಶೋಧಕರು ಹಳೆಯ ದಾಖಲೆಗಳನ್ನು ಹೋಲಿಸಿ, ಟೇಲರ್ ಹೇಳಿದ ಕಥೆ ದಾಖಲೆಗಳಿಗೆ ಹೊಂದುವುದಿಲ್ಲ ಎಂದು ತೋರಿಸಿದರು.

ಎರಡನೆಯದು ಸಲಿಕೆಯ ಪ್ರಯೋಗ. ಕೆಲಸಗಾರರು ತಮ್ಮದೇ ಸಲಿಕೆ ತರುತ್ತಿದ್ದರು. ಅದೇ ಸಲಿಕೆಯಲ್ಲಿ ಹಗುರ ಕಲ್ಲಿದ್ದಲಿನ ಪುಡಿಯನ್ನೂ ಭಾರದ ಅದಿರನ್ನೂ ಎತ್ತುತ್ತಿದ್ದರು. ಟೇಲರ್ ಭಾರವನ್ನು ಬದಲಿಸುತ್ತಾ ಅಳೆದು, ಒಂದು ಸಲಕ್ಕೆ 21 ಪೌಂಡು, ಅಂದರೆ ಒಂಬತ್ತೂವರೆ ಕಿ.ಗ್ರಾಂ. ಎತ್ತಿದಾಗ ದಿನದ ಒಟ್ಟು ಕೆಲಸ ಹೆಚ್ಚು ಎಂದು ಕಂಡ. ಆಮೇಲೆ ಅದಿರಿಗೆ ಸಣ್ಣ ಸಲಿಕೆ, ಹಗುರ ಪದಾರ್ಥಕ್ಕೆ ದೊಡ್ಡ ಸಲಿಕೆ ಮಾಡಿಸಿದ.

ಎರಡರ ಅಂತರ ನೋಡಿ. ಸಲಿಕೆಯಲ್ಲಿ ಭಾರ ಮಾನಕವಾಯಿತು, ಉಪಕರಣ ಬದಲಾಯಿತು. ಗಟ್ಟಿಯಲ್ಲಿ ಭಾರ ಇದ್ದಂತೆಯೇ ಉಳಿಯಿತು, ಅದಕ್ಕೆ ಹೊಂದುವ ಮನುಷ್ಯನನ್ನು ಆರಿಸಲಾಯಿತು. ನನ್ನ ಮಟ್ಟಿಗೆ ಮೊದಲನೆಯದು ವಿಜ್ಞಾನ, ಎರಡನೆಯದು ಜಾಹೀರಾತು. ನಮ್ಮ ಗೋದಾಮಿನ ಪಟ್ಟಿಗಳು ಅನುಸರಿಸುತ್ತಿರುವುದು ಗಟ್ಟಿಯ ಪ್ರಯೋಗವನ್ನು. ಚೀಲ 50 ಕಿ.ಗ್ರಾಂ. ಎಂಬುದು ಪ್ರಶ್ನಾತೀತ, ನಿಮಿಷಗಳನ್ನು ಮಾತ್ರ ಎಣಿಸಬೇಕು.

ಆ 50 ಕಿ.ಗ್ರಾಂ.ಅನ್ನು ಪ್ರಶ್ನಿಸೋಣ. ಒಬ್ಬ ಬಗ್ಗಿ ಚೀಲವನ್ನು ಎತ್ತುವಾಗ ಅದರ ಭಾರಕೇಂದ್ರ ಸೊಂಟದ ಕಶೇರುಕದಿಂದ 30 ಸೆಂ.ಮೀ. ಮುಂದಿದ್ದರೆ ಭ್ರಾಮಕ 490 × 0.3 = 147 ನ್ಯೂಟನ್ ಮೀಟರ್. ಇದನ್ನು ಸರಿದೂಗಿಸುವ ಬೆನ್ನಿನ ಸ್ನಾಯುಗಳು ಕಶೇರುಕದಿಂದ ಕೇವಲ 5 ಸೆಂ.ಮೀ. ಹಿಂದಿವೆ. ಆದುದರಿಂದ ಸ್ನಾಯು ಎಳೆಯಬೇಕಾದ ಬಲ 2940 ನ್ಯೂಟನ್, ಅಂದರೆ 300 ಕಿ.ಗ್ರಾಂ. ತೂಕದಷ್ಟು. ಇದು ಚೀಲದ ಪಾಲು ಮಾತ್ರ. ಬಾಗಿದ ದೇಹದ ಪಾಲು ಬೇರೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1991ರ ತನ್ನ ಸೂತ್ರಕ್ಕೆ ಆಧಾರವಾಗಿ ಇಟ್ಟುಕೊಂಡ ಬೆನ್ನಿನ ಸಂಪೀಡನ ಮಿತಿ 3400 ನ್ಯೂಟನ್. ಎಲ್ಲ ಅನುಕೂಲವೂ ಇದ್ದಾಗ ಎತ್ತಬಹುದಾದ ತೂಕ 23 ಕಿ.ಗ್ರಾಂ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸು ವಯಸ್ಕ ಪುರುಷನಿಗೆ 55 ಕಿ.ಗ್ರಾಂ. ಮಿತಿ ಹೇಳಿತ್ತು. ನಮ್ಮ ಹಮಾಲಿಗಳು ಜಾಣರು. ಇಬ್ಬರು ಎತ್ತಿ ಮೂರನೆಯವನ ಬೆನ್ನಿಗೆ ಅಥವಾ ತಲೆಗೆ ಇಡುತ್ತಾರೆ, ಆಗ ಭಾರ ಬೆನ್ನುಮೂಳೆಯ ನೇರಕ್ಕೆ ಬಂದು ಭ್ರಾಮಕ ಕಡಿಮೆಯಾಗುತ್ತದೆ. ಯಾವ ಕೈಪಿಡಿಯೂ ಕಲಿಸದ ಮಾನಕ ವಿಧಾನ ಅದು. ಆದರೆ ನಿಮಿಷಗಳ ಒತ್ತಡ ಬಂದಾಗ ಮೊದಲು ಕೈಬಿಡುವುದು ಇದನ್ನೇ: ಮೂವರ ಕೆಲಸವನ್ನು ಒಬ್ಬ ಮಾಡತೊಡಗುತ್ತಾನೆ. ಬ್ರಿಟನ್ನಿನಲ್ಲಿ ಸಿಮೆಂಟಿನ ಚೀಲವನ್ನು 50ರಿಂದ 25 ಕಿ.ಗ್ರಾಂ.ಗೆ ಇಳಿಸಿದರು. ಚೀಲದ ಗಾತ್ರ ಪ್ರಕೃತಿ ನಿಯಮವಲ್ಲ.

ಮುಡಿ ಎಂಬ ಹಳೆಯ ಮಾನಕ

ಜಪಾನು, ಅಮೆರಿಕಗಳ ಮಾತಾಯಿತು. ನಮ್ಮ ಜಿಲ್ಲೆಯಲ್ಲಿಯೇ ದಾಸ್ತಾನಿನ ಮಾನಕವೊಂದು ಬಹುಕಾಲ ಬಳಕೆಯಲ್ಲಿತ್ತು: ಅಕ್ಕಿ ಮುಡಿ. ಬೈಹುಲ್ಲಿನೊಳಗೆ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದ ಸುತ್ತಿ, ಬಡಿದು ಬಿಗಿದು ಚೆಂಡಿನಂತೆ ಕಟ್ಟಿದ ಗಂಟು. ಸಾಮಾನ್ಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ 42 ಸೇರು. ಹುಲ್ಲು ಗಾಳಿಯಾಡಲು ಬಿಡುತ್ತದೆ, ಚಾವಣಿಯಿಂದ ತೊಟ್ಟಿಕ್ಕಿದ ಹನಿಯನ್ನು ಕಾಳಿಗೆ ಮುಟ್ಟಿಸದೆ ಹೀರಿಕೊಳ್ಳುತ್ತದೆ. ಗೋಳಾಕಾರದಿಂದಾಗಿ ಅದೇ ಗಾತ್ರಕ್ಕೆ ಹೊರಮೈ ಅತ್ಯಂತ ಕಡಿಮೆ. ನನಗೆ ಎಲ್ಲಕ್ಕಿಂತ ಹಿಡಿಸಿದ ಗುಣ ಇನ್ನೊಂದು. ಒಮ್ಮೆ ಬಿಚ್ಚಿದ ಮುಡಿಯನ್ನು ಗೊತ್ತಾಗದಂತೆ ಮತ್ತೆ ಕಟ್ಟುವುದು ಸುಲಭವಲ್ಲ. ಕಟ್ಟು ಸರಿಯಿದ್ದರೆ ಒಳಗಿನ ಅಳತೆ ಸರಿ. ಆದುದರಿಂದ ದಾಸ್ತಾನನ್ನು ತೂಗಬೇಕಾಗಿರಲಿಲ್ಲ, ಎಣಿಸಿದರೆ ಸಾಕಿತ್ತು.

ಹಾಗೆಂದು ಹಳೆಯದನ್ನು ಕೊಂಡಾಡಲು ಹೊರಟಿಲ್ಲ. ಸೇರಿನ ಗಾತ್ರ ಎಲ್ಲೆಡೆ ಒಂದೇ ಇರಲಿಲ್ಲ. ಗೇಣಿಯನ್ನು ಮುಡಿಗಳಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಆ ವ್ಯತ್ಯಾಸದ ಭಾರ ಧಣಿಯ ಮೇಲೆ ಬೀಳುತ್ತಿತ್ತೋ ಒಕ್ಕಲಿನ ಮೇಲೆ ಬೀಳುತ್ತಿತ್ತೋ ಎಂದು ಊಹಿಸುವುದು ಕಷ್ಟವಲ್ಲ. 1956ರ ತೂಕ ಮತ್ತು ಅಳತೆಗಳ ಕಾಯಿದೆ, ಅದರ ಹಿಂದೆಯೇ ಬಂದ ಮೆಟ್ರಿಕ್ ಪದ್ಧತಿ ಈ ಅನ್ಯಾಯಕ್ಕೆ ಕೊಟ್ಟ ಉತ್ತರಗಳಾಗಿದ್ದವು. ಅಳತೆ ಮಾಡುವ ಸಾಧನವನ್ನೇ ಮೊದಲು ಮಾನಕಗೊಳಿಸಿದ ಕೆಲಸ ಅದು. ದುರ್ಬಲನಿಗೆ ಅದರಿಂದ ರಕ್ಷಣೆ ಸಿಕ್ಕಿತು. ಈಗಿನ ಪಟ್ಟಿಗಳು ಸಾಧನವನ್ನು ಬಿಟ್ಟು ಮನುಷ್ಯನಿಂದ ಆರಂಭಿಸುತ್ತವೆ.

ಏನು ಮಾಡಬಹುದು?

ಸಣ್ಣ ಗೋದಾಮಿಗೆ ಹದಿನಾರು ಪುಟಗಳ ಕೈಪಿಡಿ ಬೇಡ. ಒಂದು ವರ್ಷ, ಅಂದರೆ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ, ಏನನ್ನೂ ವಿಧಿಸದೆ ಬರೆದುಕೊಳ್ಳಲಿ: ಬೆಳಿಗ್ಗೆ ತೂಕದ ಯಂತ್ರದ ಸೊನ್ನೆ ಮತ್ತು 20 ಕಿ.ಗ್ರಾಂ. ಕಲ್ಲಿನ ತೂಕ, ಗಾಳಿಯ ಆರ್ದ್ರತೆ, ಗುರುತು ಹಾಕಿದ ಆರೇಳು ಚೀಲಗಳ ತೂಕ (ಕೆಲವು ಬಾಗಿಲ ಬಳಿ, ಕೆಲವು ಅಟ್ಟಿಯ ನಡುವೆ), ದಿನದ ಬಂದು ಹೋದ ಸಂಖ್ಯೆ. ಕೊರತೆಯ ವಸೂಲಿ ಎಂಬ ವಾಕ್ಯವನ್ನು ಆ ಒಂದು ವರ್ಷ ಅಳಿಸಿಟ್ಟರೆ ಬರೆದ ಅಂಕಿಗಳು ನಿಜವಾಗಿರುತ್ತವೆ. ದಂಡದ ಭಯವಿರುವಲ್ಲಿ ಗುಮಾಸ್ತ 50.0 ಎಂದೇ ಬರೆಯುತ್ತಾನೆ, ಯಂತ್ರ ಏನು ತೋರಿಸಿದರೂ.

ಕಾಲೇಜಿನ ಅಧ್ಯಾಪಕರಿಗೆ ಇದು ಒಳ್ಳೆಯ ಯೋಜನಾ ವಿಷಯ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಗೋದಾಮುಗಳಿಗೆ ಕೊರತೆಯಿಲ್ಲ, ಕಾರ್ಕಳದ ಕಡೆ ಕುಚ್ಚಲಕ್ಕಿಯ ಮಿಲ್ಲುಗಳೂ ಇವೆ. ಮಾಲಿಕರು ಒಪ್ಪದಿದ್ದರೆ ನಿಮ್ಮ ಪ್ರಯೋಗಶಾಲೆಯ ದಾಸ್ತಾನು ಕೋಣೆಯಲ್ಲಿ ಐದು ಕಿ.ಗ್ರಾಂ. ಅಕ್ಕಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ತೂಗಿಸಿ. ಆರ್ದ್ರತೆ ಅಳೆಯಲು ಬೆಲೆಬಾಳುವ ಉಪಕರಣ ಬೇಡ. ಎರಡು ಉಷ್ಣತಾಮಾಪಕಗಳನ್ನು ಹಲಗೆಗೆ ಕಟ್ಟಿ, ಒಂದರ ಬುರುಡೆಗೆ ಒದ್ದೆ ಮಲ್ಮಲ್ ಬಟ್ಟೆ ಸುತ್ತಿ, ಬೀಸಣಿಗೆಯಿಂದ ಗಾಳಿ ಹಾಕಿ. ಒಣ ಬುರುಡೆ 28 ಡಿಗ್ರಿ, ಒದ್ದೆ ಬುರುಡೆ 26 ಡಿಗ್ರಿ ತೋರಿಸಿದರೆ ಆರ್ದ್ರತೆ ಸುಮಾರು 85 ಶೇಕಡಾ. ಆ ಗಾಳಿಯಲ್ಲಿ ಅಕ್ಕಿ 14ರ ಮಿತಿಯೊಳಗೆ ಬಹುಕಾಲ ಉಳಿಯದು. ಹಲಗೆಗೆ ಬೇಕಾದ ಮೊಳೆ ಗೋದಾಮಿನ ಗೋಡೆಯಲ್ಲಿ ಈಗಾಗಲೇ ಇದೆ. ಸದ್ಯಕ್ಕೆ ಅದರಲ್ಲಿ ಪಟ್ಟಿ ತೂಗುತ್ತಿದೆ.